ಧೋತರದಲ್ಲಿ ಹುಟ್ಟಿದ ಮೀನುಗಳು

ಅಪ್ಪನ ತಾಯಿ, ನಮ್ಮ ಆಯಿ, ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ ಎಂದು ನನಗೆ ಚೆನ್ನಾಗಿ ನೆನಪಿದೆ. ಅವಳು ಅಲ್ಲಿ ಎಂಟು ದಿನ ಇದ್ದಳು ಎಂಬುದೂ ಅಷ್ಟೇ ಚೆನ್ನಾಗಿ ನೆನಪಿದೆ. ಸೊಲ್ಲಾಪುರದಿಂದ ಅವಳು ತಂದದ್ದು ಒಂದೇ ಒಂದು ತಾಮ್ರದ ಕೊಡ ನೀರು. ಎಂಟು ದಿನಕ್ಕೆ ಅದು ಸಾಲುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು ನೆನಪು ಸುಳ್ಳು, ಅಥವಾ ಎರಡೂ ಸುಳ್ಳು. ಪುಣೆಯಲ್ಲಿ ರಸಾಯನಶಾಸ್ತ್ರ ಓದಿ, ಮುಂದೆ ಬದುಕಿಡೀ ಕಾಲೇಜಿನ ಹುಡುಗರಿಗೆ ‘ಕಂಡದ್ದನ್ನು ಬರೆಯಿರಿ, ಅಂದುಕೊಂಡದ್ದನ್ನಲ್ಲ’ ಎಂದು ಗದರಿದವನು ನಾನು. ನನ್ನ ಬಾಲ್ಯವನ್ನೇ ಯಾರಾದರೂ ಪ್ರಯೋಗದ ವಹಿಯಂತೆ ತಂದು ಮುಂದಿಟ್ಟರೆ ಅರ್ಧ ಪುಟಗಳಿಗೆ ಕೆಂಪು ಗೀಟು ಎಳೆದು ವಾಪಸು ಕೊಡುತ್ತಿದ್ದೆ. ಆದರೂ ಬರೆಯುತ್ತಿದ್ದೇನೆ. ಆ ಮನೆಗೆ ನಾನು ಋಣಿ ಎಂಬ ಮಾತಿನಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ಮನೆ ಎಂದರೆ ಮೀನುಮರಿ ಕೇಂದ್ರದ ಕಾವಲಿಗೆಂದು ಕಟ್ಟಿದ ಎರಡು ಕೋಣೆ ಮತ್ತು ಒಂದು ಪಡಸಾಲೆ. ಊರ ಹೊರಗೆ, ಹಳ್ಳದ ದಂಡೆಗೆ. ಸಂಸ್ಥಾನದ ಕಾಲದಲ್ಲಿ ಅಲ್ಲಿ ತೋಟವಿತ್ತಂತೆ; ತಾವರೆಗೆಂದು ಕಟ್ಟಿಸಿದ ಕಲ್ಲಿನ ಹೊಂಡಗಳೇ ಮುಂದೆ ಮೀನಿನ ಹೊಂಡಗಳಾದವು. ಮನೆಗೆ ಎರಡು ಬಾಗಿಲು. ಮುಂದಿನ ಬಾಗಿಲು ರಸ್ತೆಗೆ, ಹಿಂದಿನದು ಹೊಂಡಗಳಿಗೆ. ಅವ್ವನ ಕಾಯಿದೆ ಏನೆಂದರೆ, ಹೊಂಡ ಮುಟ್ಟಿದವರು ಹಿಂದಿನ ಬಾಗಿಲಿಂದ ಒಳಗೆ ಬರಕೂಡದು. ಅಪ್ಪ ಹೊಂಡದ ಕೆಲಸ ಮುಗಿಸಿ, ಬೇವಿನ ಮರಕ್ಕೆ ಹೊಡೆದ ಮೊಳೆಗೆ ಅಂಗಿ ತೂಗುಹಾಕಿ, ಬಚ್ಚಲಲ್ಲಿ ಮಿಂದು, ಮನೆಯನ್ನು ಒಂದು ಸುತ್ತು ಹಾಕಿ ಮುಂದಿನ ಬಾಗಿಲಿಂದ ಅತಿಥಿಯಂತೆ ಬರುತ್ತಿದ್ದ. ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆಯೇ ರೊಟ್ಟಿ. ಮೀನೆಂಬ ಶಬ್ದ ಅಡಿಗೆಮನೆಯಲ್ಲಿ ನಿಷಿದ್ಧ. ಅಲ್ಲಿ ಅವುಗಳ ಹೆಸರು ‘ಮರಿ’ ಎಂದಷ್ಟೇ. ಹೊರಗೆ ಕಡಾಯಿಯಲ್ಲಿ ಅವಕ್ಕೆಂದು ಶೇಂಗಾದ ಹಿಂಡಿ ನೆನೆಯುತ್ತಿತ್ತು, ಒಳಗೆ ಒಳ್ಳಿನಲ್ಲಿ ನಮಗೆಂದು ಶೇಂಗಾದ ಚಟ್ನಿ ಕುಟ್ಟುತ್ತಿದ್ದರು. ಎರಡರ ವಾಸನೆಯೂ ಪಡಸಾಲೆಯಲ್ಲಿ ಕೂಡುತ್ತಿತ್ತು. ಮೀನಿನ ತತ್ತಿ ನೆನೆಸಿದ ಸಾಬೂದಾಣಿಯ ಹಾಗೇ ಇರುತ್ತದೆ, ಗುಂಡಗೆ, ಬೆಳ್ಳಗೆ, ಒಳಗಿಂದ ಬೆಳಕು ಕಾಣುವಂತೆ. ಒಮ್ಮೆ ಅದನ್ನು ಕಂಡ ಮೇಲೆ ಅವ್ವ ಶ್ರಾವಣ ಸೋಮವಾರದ ಉಪವಾಸಕ್ಕೂ ಸಾಬೂದಾಣಿ ಮಾಡಲಿಲ್ಲ. ಶೇಂಗಾದ ಉಂಡೆ ತಿಂದೇ ದಿನ ಕಳೆದಳು.

ಇಂಥ ಕೆಲಸಕ್ಕೆ ಅಪ್ಪ ಹೇಗೆ ಬಂದ ಎಂದು ಯಾರಾದರೂ ಕೇಳಬಹುದು. ನಮ್ಮದು ಸೊಲ್ಲಾಪುರದ ನವಿ ಪೇಠದಲ್ಲಿ ಜವಳಿ ಅಂಗಡಿಯ ಮನೆತನ. ಕೆಳಗೆ ಅಂಗಡಿ, ಮೇಲೆ ಮನೆ. ಅಜ್ಜ ತೀರಿಕೊಂಡ ಮೇಲೆ ಗಾದಿಯ ಮೇಲೆ ದೊಡ್ಡಪ್ಪ ಕೂತ. ಅಪ್ಪನಿಗೆ ಅವನ ಪಕ್ಕದಲ್ಲಿ ಒರಗಿ ಕೂರುವ ಲೋಡು ತಯಾರಿತ್ತು. ಆದರೆ ಅಪ್ಪ ಕಾಲೇಜಿನಲ್ಲಿ ಕಪ್ಪೆ ಕೊಯ್ದವನು, ನೀರಿನ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದವನು. ಈ ನೌಕರಿ ಸಿಕ್ಕಾಗ ಒಂದು ಟ್ರಂಕು ಹೊತ್ತು ನಡೆದೇಬಿಟ್ಟ. ಗುರು ಎಂಬ ಅವನ ಹೆಸರು ನವಿ ಪೇಠದಲ್ಲಿ ‘ಮೀನಗುರು’ ಆಯಿತು. ಆಯಿ ಈ ಹೆಸರು ಕೇಳಿದ ದಿನ ಉಣ್ಣಲಿಲ್ಲವಂತೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿ ಅರಿವೆಯನ್ನು ಬೆರಳಲ್ಲಿ ಉಜ್ಜಿ, ಯಾವ ನೂಲು, ಯಾವ ಊರ ನೇಯ್ಗೆ ಎಂದು ಹೇಳುತ್ತಿದ್ದಳು. ಮಡಿವಾಳರ ಕಡೆ ಬಟ್ಟೆ ಅದಲುಬದಲಾಗದಂತೆ ಮನೆಯ ಎಲ್ಲ ಅರಿವೆಗಳ ಮೂಲೆಗೆ ಕೆಂಪು ದಾರದಲ್ಲಿ ಬಿಲ್ವಪತ್ರಿಯ ಮೂರೆಲೆ ಹೊಲಿಯುತ್ತಿದ್ದಳು. ಅಜ್ಜನ ಧೋತರ, ಹಾಸಿಗೆ, ನಾವು ಹೊದೆಯುವ ಕೌದಿ ಎಲ್ಲಕ್ಕೂ; ಅಂಗಡಿಯಲ್ಲಿ ಮಾರುವ ಅರಿವೆಗೆ ಮಾತ್ರ ಇಲ್ಲ. ಅವಳ ಹೆಬ್ಬೆರಳು ಎಂದೋ ಮುರಿದು ಸೊಟ್ಟಗಾಗಿದ್ದರಿಂದ ನಡುವಿನ ಎಲೆ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು.

ಕೇಂದ್ರದಲ್ಲಿ ಅಪ್ಪನ ಜೊತೆ ದುಡಿಯುತ್ತಿದ್ದವನು ದಗಡು ಮಾಮಾ. ಬಲೆ ಹಾಕುವ ಮನೆತನ, ಮಾತು ಅರ್ಧ ಮರಾಠಿ ಅರ್ಧ ಕನ್ನಡ. ಆ ಹೊಂಡಗಳ ಚರಿತ್ರೆ ಎಲ್ಲ ಅವನ ಬಾಯಲ್ಲೇ ಇತ್ತು. ಮೊದಲ ಮೀನುಮರಿಗಳನ್ನು ಅವನ ಅಜ್ಜ ಭೀಮಾ ನದಿಯಿಂದ ಮಣ್ಣಿನ ಗಡಿಗೆಗಳಲ್ಲಿ ಕಾವಡಿ ಕಟ್ಟಿ ಹೊತ್ತು ತಂದನಂತೆ. ಗಡಿಗೆಯ ನೀರು ನಿಂತರೆ ಮರಿ ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಆ ಅಜ್ಜ ದಾರಿಯುದ್ದಕ್ಕೂ ಕುಣಿಯುತ್ತ ನಡೆದನಂತೆ. ದಣಿದು ಕೂತಾಗಲೂ ಕೈಯಿಂದ ಗಡಿಗೆ ಅಲ್ಲಾಡಿಸುತ್ತಲೇ ಇದ್ದನಂತೆ. ಮಾಮಾ ಇದನ್ನು ಕುಣಿದೇ ತೋರಿಸುತ್ತಿದ್ದ. ಅಷ್ಟು ದೂರ ಒಬ್ಬ ಮನುಷ್ಯ ಕುಣಿಯಬಲ್ಲನೇ ಎಂದು ನಾನು ಕೇಳಿದ್ದಕ್ಕೆ ಅವನು ಹೇಳಿದ್ದು:

“ಬಾಳ್ಯಾ, ನೀ ಹೊತ್ತಿಲ್ಲ, ಅದಕ್ಕ ಕೇಳಾಕತ್ತಿ. ಹೊತ್ತಾಂವಗ ಕಾಲ ತಾನ ಕುಣೀತಾವ.”

ನನ್ನ ಮೊದಲ ಸಂಶಯವೂ, ಅದಕ್ಕೆ ಸಿಕ್ಕ ಮೊದಲ ಉತ್ತರವೂ ಇದೇ ಇರಬೇಕು.

ಮಳೆಗಾಲವೇ ಕೇಂದ್ರದ ಹಂಗಾಮು. ಬಲಿತ ಮೀನಿಗೆ ಔಷಧ ಚುಚ್ಚಿ ತತ್ತಿ ಇಡಿಸುತ್ತಿದ್ದರು. ಆ ತತ್ತಿಗಳನ್ನು ಹಾಪಾದಲ್ಲಿ ಬಿಡಬೇಕು. ಹಾಪಾ ಎಂದರೆ ನಾಲ್ಕು ಬಿದಿರುಗೂಟಕ್ಕೆ ಕಟ್ಟಿ ನೀರಲ್ಲಿ ಇಳಿಬಿಟ್ಟ ಅರಿವೆಯ ಪೆಟ್ಟಿಗೆ, ಸೊಳ್ಳೆಪರದೆಯನ್ನು ತಲೆಕೆಳಗು ಮಾಡಿದ ಹಾಗೆ. ಒಳಗೊಂದು ಸೊಳ್ಳೆಪರದೆಯ ಪೆಟ್ಟಿಗೆ, ಅದರಲ್ಲಿ ತತ್ತಿ. ಹೊರಗೆ ತೆಳು ಅರಿವೆಯದು. ಮರಿ ಒಡೆದು ಬಂದ ಮೇಲೆ ಪರದೆಯ ಕಿಂಡಿಯಿಂದ ನುಸುಳಿ ಹೊರಗಿನ ಅರಿವೆಯ ಪೆಟ್ಟಿಗೆಗೆ ಇಳಿಯುತ್ತವೆ. ಸಿಪ್ಪೆ ಒಳಗೇ ಉಳಿಯುತ್ತದೆ. ಅಲ್ಲಿ ಮೂರು ದಿನ ಇದ್ದು, ಬಾಯಿ ಮೂಡಿದ ಮೇಲೆ ಹೊಂಡಕ್ಕೆ. ಎಲ್ಲ ನಿಂತಿರುವುದು ಆ ಹೊರಗಿನ ಅರಿವೆಯ ಮೇಲೆ: ಮರಿ ಹೋಗಬಾರದು, ನೀರು ಮಾತ್ರ ಹೋಗಿಬರಬೇಕು. ಆಯಿ ನಮ್ಮಲ್ಲಿಗೆ ಬಂದದ್ದರ ಹಿಂದಿನ ವರ್ಷ ಮರಿ ಸರಿಯಾಗಿ ಬದುಕಿ ಎದ್ದಿರಲಿಲ್ಲ. ಅವಳು ಬಂದ ವರ್ಷ ಮೇಲಿನ ಸಾಹೇಬರು ಬಂದು ಹೊಂಡ ನೋಡಿ ಹೋದ ದಿನ ಅಪ್ಪ ರೊಟ್ಟಿ ಮುರಿಯುತ್ತ ಅವ್ವನಿಗೆ ಹೇಳಿದ:

“ಈ ಹಂಗಾಮಿನ್ಯಾಗ ಮರಿ ಏಳಲಿಲ್ಲಂದ್ರ ಕೇಂದ್ರ ಬಂದ್ ಅಂತ. ನಾವು ಗಂಟು ಕಟ್ಟೂದ.”

“ಎಲ್ಲಿಗ್ರಿ?”

“ಮತ್ತೆಲ್ಲಿಗೆ? ಅಣ್ಣನ ಮಗ್ಗಲಾಗ ಲೋಡು ಅದಲ್ಲ.”

ಹಳೆಯ ಹಾಪಾಗಳನ್ನು ಆ ವರ್ಷ ಇಲಿ ಕಡಿದಿದ್ದವು. ಹೊಸದು ಹೊಲಿಯಬೇಕಿತ್ತು. ಅಪ್ಪ ಮೊದಲ ಸಲ ದೊಡ್ಡಪ್ಪನಿಗೆ ಒಂದು ಪತ್ರ ಬರೆದ, ಅರಿವೆ ಬೇಕು ಎಂದು. ಅಣ್ಣತಮ್ಮಂದಿರಲ್ಲಿ ಮಾತು ಕಡಿಮೆಯಾಗಿದ್ದ ಕಾಲ. ನಾಲ್ಕೇ ದಿನಕ್ಕೆ ಎಸ್.ಟಿ. ಬಸ್ಸಿನ ಮೇಲೆ ಒಂದು ತಾಗಾ, ಅಂದರೆ ಇಡೀ ಒಂದು ಸುರುಳಿ, ತೆಳು ಮಲಮಲ್ ಬಂತು, ಅಂಗಡಿಯಲ್ಲಿ ಇದ್ದದ್ದರಲ್ಲಿ ಎಲ್ಲಕ್ಕಿಂತ ಮೇಲಿನದು. ಅಪ್ಪ ಅದನ್ನು ಪಡಸಾಲೆಯಲ್ಲಿ ಬಿಚ್ಚಿ ಕೈಯಾಡಿಸುತ್ತ ಬಹಳ ಹೊತ್ತು ಕೂತ. ಅರಿವೆ ಗರಿಗರಿ ಎನ್ನುತ್ತಿತ್ತು. ಜವಳಿಯವರಲ್ಲಿ ನೀರು ಕಾಣದ ಕೋರಾ ಅರಿವೆಗೆ ಮರ್ಯಾದೆ ಹೆಚ್ಚು; ದೇವರಿಗೆ, ಮದುವೆಗೆ ಎಲ್ಲಕ್ಕೂ ಅದೇ ಆಗಬೇಕು. ಅವ್ವ ರೂಢಿಯಂತೆ ನಾಲ್ಕೂ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿದಳು. ದಗಡು ಮಾಮಾ ಮೂಗಿನ ಹತ್ತಿರ ಹಿಡಿದು ನೋಡಿ ಕೇಳಿದ:

“ಸಾಹೇಬ, ಒಮ್ಮಿ ಧುವೂನ ತೊಗೊಳ್ಳೂಣೇನ್ರಿ?”

“ಒಗಿಯೂದ ಯಾಕ ಮಾಮಾ? ನಮ್ಮ ಅಂಗಡೀದು. ಕೈ ಹತ್ತಿದ್ದಿಲ್ಲ, ಕಲಿ ಹತ್ತಿದ್ದಿಲ್ಲ.”

ಮಾಮಾ ಅರಿವೆಯನ್ನು ಕೆಳಗಿಟ್ಟ. ಜವಳಿ ಮನೆಯ ಮಗನಿಗೆ ಬಟ್ಟೆಯ ವಿಷಯ ಹೇಳಲು ಅವನಿಗೆ ಸಂಕೋಚವಾಗಿರಬೇಕು.

ಒಗೆಯದ ಅರಿವೆಯಲ್ಲೇ ಹಾಪಾ ಹೊಲಿದು ನೀರಿಗಿಳಿಸಿದರು. ತತ್ತಿ ಚೆನ್ನಾಗಿ ಬಂದಿದ್ದವು. ಒಡೆದೂ ಒಡೆದವು. ಮರುದಿನ ಮುಂಜಾನೆ ನಾವೆಲ್ಲ ಹೋಗಿ ನೋಡಿದಾಗ ಹೊರಗಿನ ಪೆಟ್ಟಿಗೆಯ ತಳದಲ್ಲಿ ಬಿಳಿ ಕೆಸರಿನ ಹಾಗೆ ಏನೋ ಕೂತಿತ್ತು. ಮಾಮಾ ಬೊಗಸೆಯಲ್ಲಿ ಎತ್ತಿ ನೋಡಿ ಕೆಳಗೆ ಬಿಟ್ಟ; ಎಲ್ಲ ಸತ್ತ ಮರಿಗಳೇ. ಅಪ್ಪ ಆ ದಿನ ಹಿಂದಿನ ಬಾಗಿಲಿಂದಲೇ ನೇರ ಒಳಗೆ ಬಂದು, ಹೊಂಡದ ಅಂಗಿಯಲ್ಲೇ, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತ. ಅವ್ವ ಅಲ್ಲಿಗೇ ಚಹಾ ಮಾಡಿಕೊಟ್ಟಳು. ಅವಳಿಗೆ ಒಳಗೇ ಬೇರೆ ಹೆದರಿಕೆ: ತಾನು ಹಚ್ಚಿದ ಅರಿಷಿಣ ಕುಂಕುಮವೇ ವಿಷವಾಯಿತೇನೋ ಎಂದು. ಎಷ್ಟೋ ವರ್ಷಗಳ ಮೇಲೆ, ನಾನು ಎಂ.ಎಸ್ಸಿ. ಮುಗಿಸಿ ಬಂದಾಗ, ಅವಳು ನನ್ನನ್ನು ಒಬ್ಬನನ್ನೇ ಕರೆದು ಅದನ್ನು ಕೇಳಿದಳು. ಅಷ್ಟು ನೀರಿಗೆ ಆ ಚಿಟಿಕೆ ಏನೂ ಮಾಡುವುದಿಲ್ಲ ಅವ್ವಾ ಎಂದೆ. ನನ್ನ ಓದು ಯಾರಿಗಾದರೂ ಪೂರ್ತಿ ಉಪಯೋಗಕ್ಕೆ ಬಂದದ್ದು ಆ ಮಧ್ಯಾಹ್ನ.

ಸುದ್ದಿ ನವಿ ಪೇಠಕ್ಕೆ ಮುಟ್ಟಿತು. ಮಗನನ್ನು ಕರೆದೊಯ್ಯಲು ಆಯಿ ಬಂದಳು. ಬಸ್ಸಿನಿಂದ ಇಳಿದಾಗ ತಲೆಯ ಮೇಲೆ ಹಾಸಿಗೆಸುರುಳಿ, ಕೈಯಲ್ಲಿ ತಾಮ್ರದ ಕೊಡ, ಹೆಗಲಿಗೆ ಒಣಗಿಸಿದ ಕಟಕರೊಟ್ಟಿಯ ಗಂಟು. ಒಳಗೆ ಬರಲಿಲ್ಲ. ಬೇವಿನ ಕಟ್ಟೆಯ ಮೇಲೆ ತನ್ನ ಹಾಸಿಗೆ ಬಿಚ್ಚಿದಳು. ಅಜ್ಜನ ಎರಡು ಹಳೆಯ ಧೋತರಗಳನ್ನು ಹಾಸಿಕೊಂಡೇ ಅವಳು ಮಲಗುತ್ತಿದ್ದಳು; ಅವಿಲ್ಲದೆ ನಿದ್ದೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ತಟ್ಟೆ ತಂದಿಟ್ಟರೆ ದೂರ ಸರಿಸಿದಳು.

“ಶಾಂತಾ, ನಿನ್ನ ಕೈ ಅಡಿಗಿ ಬ್ಯಾಡಂತಲ್ಲ. ಈ ನೀರ ಬ್ಯಾಡ. ಸಾಮಾನ ಕಟ್ಟು. ನಿಮ್ಮ ಮಾವನ ಗಾದಿ ಅರ್ಧಾ ಖಾಲಿ ಅದ.”

“ಇನ್ನೂ ಎರಡ ಜೋಡಿ ಮೀನ ಉಳದಾವವ್ವಾ,” ಅಂದ ಅಪ್ಪ. “ಇನ್ನೊಂದ ಸಲ ನೋಡ್ತೀನಿ.”

“ನೋಡಿ ಏನ ಮಾಡ್ತಿ? ತಿನ್ನಾಂವಲ್ಲ, ಮಾರಾಂವಲ್ಲ. ಸಾಕೂದ ಅಷ್ಟ!”

“ಸಾಕೂದ ಅಷ್ಟ,” ಎಂದ ಅಪ್ಪ.

ಜಗಳ ಅಲ್ಲಿಗೇ ನಿಂತಿತು, ಏಕೆಂದರೆ ಆಯಿಯ ಕಣ್ಣು ಬೇಲಿಯ ಮೇಲೆ ಒಣಹಾಕಿದ್ದ ಹಾಪಾದ ಮೇಲೆ ಬಿತ್ತು. ಮೀನು ಸತ್ತ ಅರಿವೆ ಎಂದು ಅವ್ವ ತಡೆಯಲು ಹೋದಳು.

“ಅರಿವಿ ಅರಿವೀನ. ಅದಕ್ಕೇನು ಮೈಲಿಗಿ?” ಎಂದು ಆಯಿ ಎದ್ದು ಹೋದಳು.

ಅರಿವೆಯನ್ನು ಸೊಟ್ಟ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದಳು. ಮಳೆಗಾಲದಲ್ಲಿ ಇನ್ನೂ ಒಣಗದ ಅರಿವೆಯ ಲೋಳೆ ಬೆರಳಿಗೆ ಹತ್ತಿತು. ಮೂಸಿದಳು.

“ಗುರೂ, ಇದು ಅಂಗಡಿ ಮಲಮಲ್ ಹೌದಲ್ಲೊ? ಒಗದಿದ್ರೇನು?”

“ಕೋರಾ ಅರಿವಿ ಯಾಕ ಒಗಿಬೇಕವ್ವಾ?”

“ಏ ಹುಚ್ಚಪ್ಯಾಲಿ! ಗಂಜಿ ಇಲ್ಲದ ಅರಿವಿ ನಿಮ್ಮಣ್ಣ ಎಂದರ ಮಾರ್ಯಾನೇನು? ಗಂಜಿ ಹುಳೀ ಬಂದದ ನೋಡು. ಕಣ್ಣ ಕಣ್ಣ ಮುಚ್ಚ್ಯಾವ. ಇದರೊಳಗ ನೀನ ಇದ್ರ ನೀನೂ ಸಾಯ್ತಿದ್ದಿ!”

ಅಪ್ಪ ಅರಿವೆಯನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದ. ನೂಲಿನ ನಡುವೆ ಬೆಳಕು ಕಾಣಲಿಲ್ಲ. ಬಟ್ಟೆಯಲ್ಲೇ ಹುಟ್ಟಿ ಬೆಳೆದವನು, ಬಟ್ಟೆಯಲ್ಲೇ ತಪ್ಪಿದ್ದ. ದಗಡು ಮಾಮಾ ಬೇರೆ ಕಡೆ ನೋಡುತ್ತ ನಿಂತ. ಒಗೆಯೋಣವೇ ಎಂದು ಅವನು ಮೊದಲೇ ಕೇಳಿದ್ದ, ಈಗ ನೆನಪಿಸಲಿಲ್ಲ.

“ಹುಟ್ಟಿದ ಕೂಸಿಗೆ ಯಾರರ ಹೊಸಾ ಅರಿವಿ ಸುತ್ತತಾರೇನು?” ಆಯಿಯ ದನಿ ಈಗ ಇಳಿದಿತ್ತು. “ನಿನಗ ಸುತ್ತಿದ್ದು ನಿಮ್ಮಪ್ಪನ ಹಳೀ ಧೋತರ. ಈ ಬಾಳ್ಯಾಗೂ ಅದನ. ನೂರ ಸಲ ಒಗದ ಅರಿವೀನ ಕೂಸಿನ ಮೈಗಿ ಆಗಿ ಬರ್ತದ.”

ಇಲ್ಲಿಂದ ಮುಂದಿನದನ್ನು ನಾನು ಕಂಡೆನೋ, ಕೇಳಿ ಕೇಳಿ ಕಂಡಂತಾಯಿತೋ ಹೇಳಲಾರೆ. ನನಗೆ ಕಾಣುವುದು ಇಷ್ಟು: ಆಯಿ ಕಟ್ಟೆಯ ಮೇಲಿನ ಹಾಸಿಗೆಯಿಂದ ಧೋತರಗಳನ್ನು ಎತ್ತುತ್ತಾಳೆ. ಒಮ್ಮೆ ಮುಖಕ್ಕೆ ಒತ್ತಿಕೊಳ್ಳುತ್ತಾಳೆ. ಆಮೇಲೆ ಅವ್ವನ ಕಡೆಗೆ ಕೈ ಚಾಚಿ “ಕತ್ತರಿ ತಾ” ಅನ್ನುತ್ತಾಳೆ. ಅಪ್ಪ “ಬ್ಯಾಡವ್ವಾ, ಮಲಮಲ್ಲನ್ನ ಕುದಿಸಿ ಒಗೀತೀವಿ” ಎಂದರೆ, “ಅದು ಮೆತ್ತಗಾಗೂದ್ರಾಗ ನಿನ್ನ ಮಳಿಗಾಲ ಮುಗೀತದ” ಅನ್ನುತ್ತಾಳೆ. ಅತ್ತೆ ಸೊಸೆ ಎದುರು ಬದುರು ಕೂತು ಮಧ್ಯಾಹ್ನವೆಲ್ಲ ಹೊಲಿಯುತ್ತಾರೆ. ದಗಡು ಮಾಮಾ ಅಳತೆ ಹೇಳುತ್ತಾನೆ, ಆಯಿ ಅವನನ್ನು ಬೈಯುತ್ತಾಳೆ: “ಮೂಲಿ ಹಿಡಿಯಾಕ ಬರೂದಿಲ್ಲ, ಮೀನ ಹಿಡೀತಾನಂತ!” ಮಾಮಾ ನಗುತ್ತಾನೆ. ಹೊಲಿದು ಮುಗಿದ ಹಾಪಾ ನೋಡಿ ಆಯಿ ಅದಕ್ಕೆ ತೊಟ್ಟಿಲು ಎಂದೇ ಕರೆಯುತ್ತಾಳೆ. ಎರಡು ದಿನದ ಮೇಲೆ ಅದನ್ನು ನೀರಿಗಿಳಿಸುತ್ತಾರೆ.

ಮರಿ ಎದ್ದವು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅಪ್ಪ ಬಿಳಿ ಬಟ್ಟಲಲ್ಲಿ ಒಂದಿಷ್ಟು ನೀರು ತೆಗೆದು ಕಟ್ಟೆಯ ಮೇಲಿಟ್ಟ. ನೀರು ಖಾಲಿಯಂತೆ ಕಂಡಿತು. ದಿಟ್ಟಿಸಿ ನೋಡಿದರೆ ಜೋಡಿ ಜೋಡಿ ಕಪ್ಪು ಚುಕ್ಕೆಗಳು ಅಲ್ಲಾಡುತ್ತಿದ್ದವು. ಆಯಿ ಬಗ್ಗಿ ನೋಡಿದಳು.

“ಮೈಯಿಲ್ಲ ಏನಿಲ್ಲ, ಬರೇ ಕಣ್ಣ ಅದಾವಲ್ಲೊ!”

ಆಮೇಲೆ ತಲೆ ಎತ್ತಿ ಅಪ್ಪನಿಗೆ ಹೇಳಿದಳು:

“ಅಂಗಡಿಗೆ ಒಬ್ಬಾಂವ ಸಾಕು. ಇವಕ್ಕ ಯಾರ ಅದಾರ?”

ಅದೇ ದಿನ ಅವಳು ಅವ್ವನ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಂಡು ಕುಡಿದಳು ಎಂದು ಅವ್ವ ಸಾಯುವ ತನಕ ಹೇಳುತ್ತಿದ್ದಳು. ನನಗೆ ಅದು ಕಾಣುವುದಿಲ್ಲ. ಆಯಿ ಒಬ್ಬಳೇ ಬಸ್ಸು ಹತ್ತಿದ್ದು ಮಾತ್ರ ಕಾಣುತ್ತದೆ. ಹಾಸಿಗೆಸುರುಳಿ ಬರುವಾಗಿನದಕ್ಕಿಂತ ತೆಳುವಾಗಿತ್ತು, ಅಥವಾ ಹಾಗೆಂದು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಕೇಂದ್ರ ಉಳಿಯಿತು. ಅಪ್ಪ ಅಲ್ಲೇ ನೌಕರಿ ಮುಗಿಸಿದ. ತಿನ್ನದ, ಮಾರದ ಜೀವವನ್ನು ಸಾಕುವ ಕೆಲಸ ಮರ್ಯಾದೆಯದೇ ಎಂದು ಅವನಿಂದ ಕಲಿತೆ. ತಪ್ಪು ಎಲ್ಲಿದೆ ಎಂದು ಬಟ್ಟೆಯನ್ನೇ ಮುಟ್ಟಿ ನೋಡಬೇಕೆಂದು, ಅಕ್ಷರ ಬಾರದ ಆಯಿಯಿಂದ ಕಲಿತೆ. ಪ್ರಯೋಗಾಲಯದಲ್ಲಿ ನಾನು ಹುಡುಗರಿಗೆ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ.

ಆದರೆ ಸಂಶಯ ಬಿಡಲಿಲ್ಲ. ಎರಡನೇ ಸಲ ತತ್ತಿ ಬಿಟ್ಟ ದಿನ ಮಳೆ ಬಂದು ನೀರು ತಂಪಾಗಿತ್ತು; ಮರಿ ಬದುಕಿದ್ದು ಧೋತರದಿಂದಲೋ ಮಳೆಯಿಂದಲೋ? ಅದಕ್ಕಿಂತ ಹೆಚ್ಚಾಗಿ, ಧೋತರವೇ ಇತ್ತೋ ಇಲ್ಲವೋ? ದೊಡ್ಡಪ್ಪನ ಮಗ ಈಗ ನವಿ ಪೇಠದ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಕಥೆಯೇ ಬೇರೆ. ಅದರ ಪ್ರಕಾರ ದೊಡ್ಡಪ್ಪ ಎರಡನೇ ತಾಗಾವನ್ನು ಒಗೆಸಿ, ಇಸ್ತ್ರಿ ಮಾಡಿಸಿ ಕಳಿಸಿದ. ಕೇಂದ್ರ ಉಳಿದದ್ದು ಅಂಗಡಿಯಿಂದ. ಅವನು ಸುಳ್ಳು ಹೇಳುವವನಲ್ಲ. ಅವನಿಗೂ ಹಾಗೇ ಹೇಳಿರಬೇಕು.

ದಗಡು ಮಾಮಾನ ಮೊಮ್ಮಗಳು ಸುನಂದಾ ಎರಡು ವರ್ಷದ ಹಿಂದೆ ನನಗೆ ಫೋನು ಮಾಡಿದಳು. ಕೇಂದ್ರ ಈಗ ನಡೆಯುತ್ತಿಲ್ಲ. ಕಲ್ಲಿನ ಹೊಂಡಗಳನ್ನು ಮಣ್ಣು ಹಾಕಿ ಮುಚ್ಚುವ ಮಾತು ಎದ್ದಾಗ ಅವಳೂ ಊರಿನ ಮೀನುಗಾರರೂ ಅಡ್ಡ ನಿಂತಿದ್ದರು. ಹೂಳು ತೆಗೆದು, ಬಿದ್ದ ಮೆಟ್ಟಿಲು ಕೂಡಿಸಿ, ನಮ್ಮ ಹಳೆಯ ಮನೆಯಲ್ಲೇ ಕೆಲಸದ ಸಾಮಾನುಗಳನ್ನು ಜೋಡಿಸಿ ಇಡುತ್ತಿದ್ದರು. ಶಾಲೆಯ ಮಕ್ಕಳು ಬಂದು ನೋಡಲಿ ಎಂದು. ನಾನು ಹೋದಾಗ ಅವಳು ಹಿಂದಿನ ಬಾಗಿಲಿಂದ ಒಳಗೆ ಕರೆದಳು. ಅವ್ವನ ಕಾಯಿದೆ ನೆನಪಾಗಿ ಹೊಸ್ತಿಲಲ್ಲಿ ಒಮ್ಮೆ ನಿಂತೆ, ಆಮೇಲೆ ದಾಟಿದೆ.

“ಕಾಕಾ, ನಮ್ಮ ದಗಡು ಆಜೋಬಾ ಹೇಳ್ತಿದ್ರು, ಇದು ನಿಮ್ಮ ಆಯೀದು ಅಂತ. ಫಲಕದ ಮ್ಯಾಲೆ ಹಂಗ ಬರಿಲೇನ್ರಿ?”

ಸಾಗವಾನಿ ಪೆಟ್ಟಿಗೆಯಲ್ಲಿ, ಒಣಗಿದ ಬೇವಿನ ಎಲೆಗಳ ನಡುವೆ, ಹಳದಿಗಟ್ಟಿದ ಒಂದು ಹಾಪಾ ಇತ್ತು. ಸುನಂದಾ ಅದನ್ನು ಮೇಜಿನ ಮೇಲೆ ಹರಡಿದಳು. ಮೂರು ಮೂಲೆ ಇಲಿಯ ಪಾಲಾಗಿದ್ದವು. ನಾಲ್ಕನೆಯದರಲ್ಲಿ ಕೆಂಪು ದಾರ ಕಂಡಿತು.

“ಬರೀಬ್ಯಾಡ,” ಎಂದೆ. “ನೋಡಿ ಹೇಳ್ತೀನಿ.”

“ಇನ್ನೇನ ನೋಡೂದ ಅದ ಕಾಕಾ? ಕಣ್ಣೆದುರಿಗೇ ಅದ.”

ಅದೇ ನನ್ನ ತೊಂದರೆ. ಅದು ಹಾಗಿರಲಿ ಎಂದು ನನಗೆ ಅಷ್ಟು ಆಸೆಯಿತ್ತು. ಅಂಥ ಕಣ್ಣನ್ನು ನಂಬುವುದು ಹೇಗೆ? ಸೊಲ್ಲಾಪುರಕ್ಕೆ ವಾಪಸು ಬಂದು, ಆಯಿ ನನಗೆಂದು ಬಿಟ್ಟುಹೋದ ಕೌದಿಯನ್ನು ಕಪಾಟಿನಿಂದ ತೆಗೆದು, ಮರುದಿನ ಮೊದಲ ಬಸ್ಸಿಗೆ ಮತ್ತೆ ಹೋದೆ. ಕಿಟಕಿಯ ಬೆಳಕಿಗೆ ಎರಡನ್ನೂ ಅಕ್ಕಪಕ್ಕ ಹಾಸಿ, ಮಕ್ಕಳಿಗೆಂದು ಸುನಂದಾ ತಂದಿಟ್ಟಿದ್ದ ಭೂತಗನ್ನಡಿಯಿಂದ ನೋಡಿದೆ. ಮಳೆಯ ಮಾತು ನಾನು ಪರೀಕ್ಷಿಸಲಾರೆ, ನೀರಿನ ತಂಬಿಗೆಯ ಮಾತೂ ಆಗದು. ಇದನ್ನು ಮಾತ್ರ ನೋಡಿ ಹೇಳುತ್ತಿದ್ದೇನೆ: ಕೌದಿಯ ಮೂಲೆಯಲ್ಲೂ ಹಾಪಾದ ಮೂಲೆಯಲ್ಲೂ ಕೆಂಪು ದಾರದ ಮೂರೆಲೆ ಇದೆ, ಎರಡರಲ್ಲೂ ನಡುವಿನ ಎಲೆ ಎಡಕ್ಕೆ ವಾಲಿದೆ.